ಕಾಕನಕೋಟೆಯ ಆನೆ ಶನಿಗ್ರಹದಲ್ಲಿ ಎಷ್ಟು ತೂಗುತ್ತದೆ?

ದಸರೆಗೆ ಒಂದೂವರೆ ಎರಡು ತಿಂಗಳಿರುವಾಗ ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ ಆನೆಗಳು ಮೈಸೂರಿಗೆ ಹೊರಡುತ್ತವೆ. ಹಿಂದೆಲ್ಲ ನಡೆದೇ ಹೋಗುತ್ತಿದ್ದವು, ಈಗ ಲಾರಿಯಲ್ಲಿ ಹೋಗುತ್ತವೆ. ಮೈಸೂರು ಸೇರಿದ ಮೇಲೆ ಅವುಗಳನ್ನು ಒಂದೊಂದಾಗಿ ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕ ಹಾಕುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಯಾವ ಆನೆ ಎಷ್ಟು ತೂಗಿತು ಎಂಬ ಪಟ್ಟಿ ಬರುತ್ತದೆ. ನಮ್ಮ ಕಡೆಯ ಜನ ಅದನ್ನು ಹೊಗೆಸೊಪ್ಪಿನ ಹರಾಜಿನ ದರ ಓದುವಷ್ಟೇ ಶ್ರದ್ಧೆಯಿಂದ ಓದುತ್ತಾರೆ. ಕಳೆದ ವರ್ಷಕ್ಕಿಂತ ನೂರು ಕಿಲೋ ಹೆಚ್ಚಿದ್ದರೆ ಚಹದಂಗಡಿಯಲ್ಲಿ ಅದೇ ಸುದ್ದಿ. ಕಡಿಮೆಯಾಗಿದ್ದರೆ ಮಾವುತನಿಗೆ ಬೈಗುಳ.

ನಾನು ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆ ಪಟ್ಟಿಯನ್ನು ಓದುವಾಗ ನನಗೆ ಬೇರೆಯೇ ಒಂದು ಯೋಚನೆ ಬರುತ್ತದೆ. ಅಲ್ಲಿ ಅಚ್ಚಾಗಿರುವ ಅಂಕಿ ಆನೆಯದು ಮಾತ್ರವಲ್ಲ, ಆನೆ ಮತ್ತು ಭೂಮಿ ಇಬ್ಬರೂ ಸೇರಿ ಬರೆದದ್ದು. ಅದೇ ಆನೆ ಬೇರೊಂದು ನೆಲದ ಮೇಲೆ ನಿಂತಿದ್ದರೆ ಅಂಕಿ ಬೇರೆಯಾಗುತ್ತಿತ್ತು. ಈ ಮಾತನ್ನು ಮಕ್ಕಳ ತಲೆಗೆ ಇಳಿಸಲು ನಾನು ಪಟ್ಟ ಪಾಡು ಕಡಿಮೆಯದಲ್ಲ. ‘ದ್ರವ್ಯರಾಶಿ ಬೇರೆ, ತೂಕ ಬೇರೆ’ ಎಂದು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ಗಳಿಸುತ್ತಾರೆ. ಅಲ್ಲಿಗೆ ಆ ಪಾಠ ಮುಗಿಯುತ್ತದೆ.

2013ರ ನವೆಂಬರ್ 5ರಂದು ಮಂಗಳಯಾನ ಶ್ರೀಹರಿಕೋಟಾದಿಂದ ಹಾರಿತು. ಆ ವಾರ ಒಂಬತ್ತನೆಯ ತರಗತಿಯಲ್ಲಿ ನಾನು ಮಂಗಳಗ್ರಹದ ಮಾತೆತ್ತಿದೆ. ನನ್ನ ತರಗತಿಯಲ್ಲಿ ಕಾಕನಕೋಟೆ ಕಾಡಿನಂಚಿನ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳು ಆರೇಳು ಜನರಿದ್ದರು. ಅವರಲ್ಲೊಬ್ಬನ ಅಪ್ಪ ಬಳ್ಳೆಯ ಆನೆ ಶಿಬಿರದಲ್ಲಿ ಕಾವಾಡಿ. ಆಗ ದಸರೆಯ ಅಂಬಾರಿ ಹೊರುತ್ತಿದ್ದ ಅರ್ಜುನ ಅದೇ ಬಳ್ಳೆಯ ಆನೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು, 2012ರಿಂದ 2019ರವರೆಗೆ ಅಂಬಾರಿ ಹೊತ್ತವನು. ಆ ಹುಡುಗನಿಗೆ ಅರ್ಜುನ ಎಂದರೆ ಮನೆಯ ಹಿರಿಯನಿದ್ದಂತೆ. ಅವನು ಎದ್ದು ನಿಂತು ಕೇಳಿದ: “ಸಾ, ಮಂಗಳಕ್ಕೋದ್ರೆ ನಮ್ ಅರ್ಜುನನ ತೂಕ ಎಷ್ಟಾಯ್ತದೆ ಸಾ?”

ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ಇನ್‌ಸ್ಪೆಕ್ಟರರೂ ಕೇಳಿರಲಿಲ್ಲ. ಅರ್ಜುನನ ತೂಕವನ್ನು 5,700 ಕಿಲೋ ಎಂದು ಇಟ್ಟುಕೊಂಡು ಇಡೀ ತರಗತಿ ಲೆಕ್ಕಕ್ಕೆ ಕೂತಿತು. ವೇ ಬ್ರಿಡ್ಜನ್ನು ಇಲ್ಲಿಂದಲೇ ಒಂದೊಂದು ಗ್ರಹಕ್ಕೂ ಹೊತ್ತುಕೊಂಡು ಹೋದೆವೆಂದು ಭಾವಿಸಿಕೊಳ್ಳಿ. ಮಂಗಳದಲ್ಲಿ ಅದು ಸುಮಾರು 2,150 ಕಿಲೋ ತೋರಿಸುತ್ತದೆ. ಬುಧದಲ್ಲೂ ಹೆಚ್ಚುಕಡಿಮೆ ಅಷ್ಟೇ. ಶುಕ್ರದಲ್ಲಿ ಸುಮಾರು 5,150. ನಮ್ಮ ಚಂದ್ರನ ಮೇಲೆ 940, ಅಂದರೆ ಒಂದು ಟನ್ನೂ ಇಲ್ಲ. ಗುರುವಿನಲ್ಲಿ 14,400 ದಾಟುತ್ತದೆ. ಶನಿಯಲ್ಲಿ 6,050ರ ಆಸುಪಾಸು. ಯುರೇನಸ್‌ನಲ್ಲಿ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ನೆಪ್ಚೂನ್‌ನಲ್ಲಿ ಸುಮಾರು 6,500. ಎಲ್ಲ ಕಡೆಯೂ ಅದೇ ಅರ್ಜುನ, ಅದೇ ದಂತ, ಅದೇ ಹೊಟ್ಟೆ. ಒಂದು ತುತ್ತು ಹೆಚ್ಚು ತಿಂದಿಲ್ಲ, ಒಂದು ಹೊತ್ತು ಉಪವಾಸ ಬಿದ್ದಿಲ್ಲ.

ಶನಿಯ ಅಂಕಿ ಬೋರ್ಡಿನ ಮೇಲೆ ಬಂದಾಗ ತರಗತಿಯಲ್ಲಿ ಗುಸುಗುಸು ಶುರುವಾಯಿತು. ನಮ್ಮ ಕಡೆ ಯಾರಿಗಾದರೂ ಸಾಲು ಸಾಲಾಗಿ ಕಷ್ಟ ಬಂದರೆ ‘ಶನಿ ಹೆಗಲೇರಿದೆ’ ಎನ್ನುತ್ತಾರೆ. ಅಷ್ಟು ಭಾರದ ಶನಿಯಲ್ಲಿ ಆನೆಯ ತೂಕ ನೂರಕ್ಕೆ ಆರೇಳರಷ್ಟು ಮಾತ್ರ ಹೆಚ್ಚಾಗುವುದೆಂದರೆ ಹೇಗೆ? ಶನಿಯ ದ್ರವ್ಯರಾಶಿ ಭೂಮಿಯ 95ರಷ್ಟು ಎಂದು ನಾನೇ ಹಿಂದಿನ ವಾರ ಹೇಳಿದ್ದೆ. ಹಾಗಿದ್ದರೆ ಆನೆಯ ತೂಕವೂ 95ರಷ್ಟು ಆಗಬೇಕಲ್ಲವೇ?

ಈ ವಿಷಯದ ಕೀಲಿ ಇರುವುದೇ ಇಲ್ಲಿ. ಒಂದು ಗ್ರಹ ನಿಮ್ಮನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದು ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ. ಅದರಲ್ಲಿ ಎಷ್ಟು ಸರಕಿದೆ ಎಂಬುದು ಒಂದು. ನೀವು ಅದರ ನಡುಗೇಂದ್ರದಿಂದ ಎಷ್ಟು ದೂರ ನಿಂತಿದ್ದೀರಿ ಎಂಬುದು ಇನ್ನೊಂದು. ದೂರ ಎರಡರಷ್ಟಾದರೆ ಎಳೆತ ನಾಲ್ಕರಲ್ಲೊಂದು ಪಾಲು, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲು. ಚಳಿಗಾಲದ ರಾತ್ರಿ ಹಾಡಿಯಲ್ಲಿ ಬೆಂಕಿ ಕಾಯಿಸುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಬೆಂಕಿಯೇ ಆದರೂ ದೂರ ಕೂತವನಿಗೆ ಕಾವು ತಟ್ಟುವುದಿಲ್ಲ. ಶನಿಯಲ್ಲಿ ಸರಕು 95ರಷ್ಟಿದ್ದರೂ ಅದರ ತ್ರಿಜ್ಯ ಭೂಮಿಯ 9.4ರಷ್ಟು. 9.4ನ್ನು 9.4ರಿಂದ ಗುಣಿಸಿದರೆ 88. ತೊಂಬತ್ತೈದನ್ನು ಎಂಬತ್ತೆಂಟರಿಂದ ಭಾಗಿಸಿ ನೋಡಿ, ಒಂದಕ್ಕಿಂತ ಒಂದಿಷ್ಟು ಮಾತ್ರ ಹೆಚ್ಚು ಬರುತ್ತದೆ. ಶನಿ ಅಷ್ಟೊಂದು ಊದಿಕೊಂಡಿರುವ ಗ್ರಹ. ಅದರ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ. ಹೆಗಲೇರಿದರೂ ಅಷ್ಟೇನೂ ಭಾರವಿಲ್ಲದ ಶನಿ ಎಂದು ತಿಳಿದು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಗುರುವಿನ ಲೆಕ್ಕವೂ ಇದೇ ರೀತಿಯದು. ಸರಕು ಭೂಮಿಯ 318ರಷ್ಟು, ತ್ರಿಜ್ಯ 11.2ರಷ್ಟು. ಭಾಗಿಸಿದರೆ ಎಳೆತ ಸುಮಾರು ಎರಡೂವರೆಯಷ್ಟು. ‘ಗುರು’ ಎಂಬ ಮಾತಿಗೆ ಭಾರ ಎಂಬ ಅರ್ಥವೇ ಇದೆ. ಕನ್ನಡ ಮೇಷ್ಟ್ರು ಛಂದಸ್ಸಿನಲ್ಲಿ ಗುರು–ಲಘು ಹೇಳಿಕೊಡುವಾಗ ಬರುವ ಗುರುವೂ ಅದೇ, ಗುರುತ್ವಾಕರ್ಷಣೆಯ ಗುರುವೂ ಅದೇ. ಗ್ರಹಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದಕ್ಕೂ ನಮ್ಮವರು ಅದೇ ಹೆಸರಿಟ್ಟು ಕರೆಯುತ್ತಾ ಬಂದಿರುವುದು ಒಂದು ಸೊಗಸಾದ ಆಕಸ್ಮಿಕ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬುಧ ಮತ್ತು ಮಂಗಳದ ಜೋಡಿ. ಮಂಗಳದಲ್ಲಿರುವ ಸರಕು ಬುಧದ ಸುಮಾರು ಎರಡರಷ್ಟು. ಆದರೂ ಎರಡರ ಮೇಲೂ ಆನೆಯ ತೂಕ ಒಂದೇ. ಬುಧ ಚಿಕ್ಕದಾದರೂ ಅದರ ಹೊಟ್ಟೆಯ ತುಂಬ ಕಬ್ಬಿಣ. ತ್ರಿಜ್ಯ 2,440 ಕಿಲೋಮೀಟರ್ ಮಾತ್ರ, ಹಾಗಾಗಿ ನಿಂತವನು ಕೇಂದ್ರಕ್ಕೆ ಹತ್ತಿರ. ಮಂಗಳದ ತ್ರಿಜ್ಯ 3,390 ಕಿಲೋಮೀಟರ್. ಒಂದರಲ್ಲಿ ಸರಕು ಹೆಚ್ಚು, ದೂರವೂ ಹೆಚ್ಚು. ಇನ್ನೊಂದರಲ್ಲಿ ಎರಡೂ ಕಡಿಮೆ. ಹೊಗೆಸೊಪ್ಪಿನ ದೊಡ್ಡ ಬೇಲನ್ನೂ ಒಂದು ಮುಷ್ಟಿ ಕಬ್ಬಿಣವನ್ನೂ ನೋಡಿದ ನಮ್ಮ ಭಾಗದ ಮಕ್ಕಳಿಗೆ, ಗಾತ್ರ ನೋಡಿ ಮೋಸ ಹೋಗಬಾರದು ಎಂಬುದು ಬಹಳ ಬೇಗ ಅರ್ಥವಾಗುತ್ತದೆ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಅಂದು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದಳು. “ಸಾ, ಚಂದ್ರದಲ್ಲಿ ಮರದಿಂದ ಬಿದ್ರೆ ಏಟಾಗಲ್ವಾ?” ಅವರ ಮನೆಯ ಗಂಡಸರು ಜೇನು ಕೀಳಲು ಎತ್ತರದ ಮರ ಹತ್ತುವವರು. ಆ ಮನೆಗಳಲ್ಲಿ ಬೀಳುವುದು ಎಂದರೆ ವಿಜ್ಞಾನದ ಪ್ರಶ್ನೆಯಲ್ಲ. ನಾನು ಲೆಕ್ಕ ಹಾಕಿ ತೋರಿಸಿದೆ. ಇಪ್ಪತ್ತು ಮೀಟರ್ ಎತ್ತರದಿಂದ ಬಿದ್ದವನು ಭೂಮಿಯ ಮೇಲೆ ಎರಡು ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ, ಆಗ ಅವನ ವೇಗ ಗಂಟೆಗೆ 70 ಕಿಲೋಮೀಟರ್. ಚಂದ್ರನ ಮೇಲಾದರೆ ಐದು ಸೆಕೆಂಡು, ವೇಗ ಗಂಟೆಗೆ 29 ಕಿಲೋಮೀಟರ್. ಅಂದರೆ ಇಲ್ಲಿ ಮೂರು, ಮೂರೂಕಾಲು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಕಾಲು ಉಳುಕಬಹುದು, ಮೂಳೆಯೂ ಮುರಿಯಬಹುದು, ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅವಳು ಏನನ್ನೂ ಹೇಳದೆ ಪುಸ್ತಕದಲ್ಲಿ ಆ ಅಂಕಿಯನ್ನು ಬರೆದುಕೊಂಡು ಅದರ ಕೆಳಗೆ ಒಂದು ಗೆರೆ ಎಳೆದಳು.

ಚಂದ್ರನಲ್ಲಿ ಆನೆ ಒಂದು ಟನ್ನಿಗಿಂತ ಕಡಿಮೆ ತೂಗುತ್ತದೆಂದು ಯಾರೂ ಅದರ ಎದುರಿಗೆ ಹೋಗಿ ನಿಲ್ಲಬೇಡಿ. ಓಡಿ ಬರುವ ಆನೆಯನ್ನು ತಡೆಯಲು ಎಷ್ಟು ಬಲ ಬೇಕೋ ಅಷ್ಟೇ ಬಲ ಅಲ್ಲಿಯೂ ಬೇಕು. ಅದು ಡಿಕ್ಕಿ ಹೊಡೆದರೆ ಆಗುವ ಗತಿ ಅಲ್ಲಿಯೂ ಅದೇ. ನೆಲ ಎಳೆಯುವುದು ಕಡಿಮೆಯಾಗಿದೆಯೇ ಹೊರತು ಆನೆಯೊಳಗಿನ ಸರಕು ಕಡಿಮೆಯಾಗಿಲ್ಲ. ತೂಕ ಬೇರೆ, ದ್ರವ್ಯರಾಶಿ ಬೇರೆ ಎಂದು ಪಠ್ಯಪುಸ್ತಕ ಹೇಳುವುದರ ಅರ್ಥ ಇಷ್ಟೇ. ಕಾಡಾನೆಯನ್ನು ಅಟ್ಟಿ, ಕಾಡಾನೆಯಿಂದ ಅಟ್ಟಿಸಿಕೊಂಡು ಬೆಳೆದ ಮಕ್ಕಳಿಗೆ ಇದನ್ನು ಇಷ್ಟು ಹೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಗುರುಗ್ರಹದಲ್ಲಿ ಆನೆ ನಿಲ್ಲಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವನು ನಾನಲ್ಲ, ಆ ಹುಡುಗನ ಅಪ್ಪ. ಮೊದಲಿಗೆ ಅಲ್ಲಿ ನಿಲ್ಲಲು ನೆಲವೇ ಇಲ್ಲ. ಗುರು, ಶನಿಗಳು ಮುಖ್ಯವಾಗಿ ಹೈಡ್ರೋಜನ್ ಮತ್ತು ಹೀಲಿಯಮ್ಮಿನ ಗ್ರಹಗಳು. ನಾವು ಹೇಳುವ ‘ಮೇಲ್ಮೈ ಗುರುತ್ವ’ ಅಲ್ಲಿ ಮೋಡಗಳ ನಡುವೆ ಗುರುತು ಮಾಡಿಕೊಂಡ ಒಂದು ಮಟ್ಟಕ್ಕೆ ಸಂಬಂಧಿಸಿದ್ದು. ನೆಲ ಇತ್ತೆಂದೇ ಇಟ್ಟುಕೊಳ್ಳೋಣ. ಒಂದು ಸಂಜೆ ಮಗನನ್ನು ಕರೆದೊಯ್ಯಲು ಬಂದ ಆ ಕಾವಾಡಿಗೆ ನಮ್ಮ ಲೆಕ್ಕವನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಆನೆ ನಿಂತ್ಕಂಡೇ ಕಾಯ್ಲೆ ಬಿದ್ರೆ ಉಳೀತದೆ ಸಾ. ಮಲಗಿಬಿಟ್ರೆ ಕಷ್ಟ. ಅದರ ಮೈಯೇ ಅದ್ನ ಅದುಮ್ತದೆ. ಎರಡೂವರೆಯಷ್ಟು ಭಾರ ಆದ್ರೆ ನಿಂತ್ಕಂಡ್ರೂ ಮಲಗಿದಂಗೇಯ.” ಪಶುವೈದ್ಯರೂ ಇದನ್ನೇ ಹೇಳುತ್ತಾರೆ. ಆನೆ ಬಹಳ ಹೊತ್ತು ಮಲಗಿದ್ದರೆ ಅದರ ಸ್ವಂತ ಭಾರವೇ ಉಸಿರಾಟಕ್ಕೂ ಸ್ನಾಯುಗಳಿಗೂ ಅಪಾಯ. ಭಾರ ಹೆಚ್ಚುವುದು ಗಾತ್ರಕ್ಕೆ ಅನುಗುಣವಾಗಿ, ಮೂಳೆಯ ಬಲ ಹೆಚ್ಚುವುದು ಅದರ ಅಡ್ಡಕೊಯ್ತಕ್ಕೆ ಅನುಗುಣವಾಗಿ. ಆದ್ದರಿಂದ ದೊಡ್ಡ ಪ್ರಾಣಿಗೆ ಸಣ್ಣ ಪ್ರಾಣಿಯ ಕಾಲುಗಳು ಸಾಲುವುದಿಲ್ಲ ಎಂದು ಗೆಲಿಲಿಯೋ 1638ರಲ್ಲೇ ಬರೆದಿದ್ದ. ಆನೆಯ ಕಾಲು ಕಂಬದಂತಿರುವುದು ಭೂಮಿಯ ಎಳೆತಕ್ಕೆ ಅದು ತೆತ್ತ ಬೆಲೆ. ಮಂಗಳದಲ್ಲಿ ಹುಟ್ಟಿ ಬೆಳೆದ ಆನೆ ಎಂಬುದೊಂದಿದ್ದರೆ ಅದಕ್ಕೆ ಇಷ್ಟು ದಪ್ಪ ಕಾಲು ಬೇಕಾಗಿರಲಿಲ್ಲ.

ಈಗ ತೂಗುವ ಸಾಧನಗಳ ಮಾತಿಗೆ ಬರುತ್ತೇನೆ. ನನ್ನ ಅಬ್ಬಾ ಹುಣಸೂರಿನಲ್ಲಿ ಗುಜರಿ ಅಂಗಡಿ ಇಟ್ಟಿದ್ದರು. ಹಳೆಯ ಕಬ್ಬಿಣ, ಹಿತ್ತಾಳೆ, ತಾಮ್ರ, ಒಡೆದ ಬಕೆಟ್ಟು ಎಲ್ಲವನ್ನೂ ಅವರು ತೂಗುತ್ತಿದ್ದದ್ದು ಮರದ ತೊಲೆಗೆ ನೇತು ಹಾಕಿದ ದೊಡ್ಡ ತಕ್ಕಡಿಯಲ್ಲಿ. ಮನೆಯ ಮಾತಿನಲ್ಲಿ ಅದು ತರಾಜು. ಒಂದು ತಟ್ಟೆಯಲ್ಲಿ ಸರಕು, ಇನ್ನೊಂದರಲ್ಲಿ ಸರ್ಕಾರಿ ಮುದ್ರೆ ಒತ್ತಿದ ಬಟ್ಟುಗಳು. ಅಳತೆ ಮತ್ತು ತೂಕದ ಇಲಾಖೆಯವರು ವರ್ಷಕ್ಕೊಮ್ಮೆ ಬರುವ ದಿನ ಅಬ್ಬಾ ಹಬ್ಬದ ದಿನದ ಹಾಗೆ ಅಂಗಡಿ ಗುಡಿಸಿ ಬಟ್ಟುಗಳನ್ನು ಉಜ್ಜಿ ಸಾಲಾಗಿ ಇಡುತ್ತಿದ್ದರು. ಆಮೇಲೆ ಸ್ಪ್ರಿಂಗ್ ತ್ರಾಸು ಬಂತು, ಕೊಕ್ಕೆಗೆ ನೇತು ಹಾಕಿದರೆ ಮುಳ್ಳು ಕೆಳಗಿಳಿಯುವಂಥದ್ದು. ಅಬ್ಬಾ ಅದನ್ನು ನಂಬಲಿಲ್ಲ. “ಇದು ಯಾರ ಜೊತೆ ಹೋಲಿಸಿ ಹೇಳ್ತಾ ಇದೆ?” ಎಂದು ಕೇಳುತ್ತಿದ್ದರು. ಅವರು ನಾಲ್ಕನೆಯ ತರಗತಿಗಿಂತ ಮುಂದೆ ಓದಿದವರಲ್ಲ.

ಭೌತಶಾಸ್ತ್ರ ಓದಿದ ಮೇಲೆ ನನಗೆ ಆ ಪ್ರಶ್ನೆಯ ಬೆಲೆ ತಿಳಿಯಿತು. ಅಬ್ಬಾನ ತರಾಜನ್ನು ಚಂದ್ರನಿಗೆ ಒಯ್ದರೂ ಗುರುವಿಗೆ ಒಯ್ದರೂ ಐದು ಕಿಲೋ ತಾಮ್ರ ಐದು ಕಿಲೋ ಆಗಿಯೇ ಇರುತ್ತದೆ. ಅಲ್ಲಿ ಸರಕನ್ನು ನೆಲ ಎಷ್ಟು ಎಳೆಯುತ್ತದೋ ಬಟ್ಟನ್ನೂ ಅಷ್ಟೇ ಎಳೆಯುತ್ತದೆ. ಸ್ಪ್ರಿಂಗ್ ತ್ರಾಸು ಹಾಗಲ್ಲ. ಅದು ನೆಲದ ಎಳೆತವನ್ನಷ್ಟೇ ಓದುತ್ತದೆ. ಚಂದ್ರನಲ್ಲಿ ಅದೇ ತಾಮ್ರವನ್ನು ಒಂದು ಕಿಲೋಗಿಂತ ಕಡಿಮೆ ಎನ್ನುತ್ತದೆ, ಗುರುವಿನಲ್ಲಿ ಹನ್ನೆರಡೂವರೆ ಕಿಲೋ ಎನ್ನುತ್ತದೆ. ಇಂದಿನ ವೇ ಬ್ರಿಡ್ಜುಗಳೂ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಳೂ ಒಳಗಿನಿಂದ ಈ ಎರಡನೆಯ ಜಾತಿಯವೇ. ಅವುಗಳ ಮೇಲೆ ‘ಕಿಲೋ’ ಎಂದು ಬರೆದಿರುತ್ತದೆ, ಆದರೆ ಅದು ಈ ಭೂಮಿಯ ಮಟ್ಟಿಗೆ ಮಾಡಿಕೊಂಡ ಒಪ್ಪಂದ. ಭೂಮಿಯೊಳಗೂ ಸಣ್ಣ ವ್ಯತ್ಯಾಸ ಇದೆ. ಸಮಭಾಜಕದ ಬಳಿ ಬೀಳುವ ಕಲ್ಲಿನ ವೇಗ ಸೆಕೆಂಡಿಗೆ 9.78 ಮೀಟರಿನಂತೆ ಹೆಚ್ಚುತ್ತದೆ, ಧ್ರುವದ ಬಳಿ 9.83ರಂತೆ. ಅರ್ಜುನನಂಥ ಆನೆಯನ್ನು ಸಮಭಾಜಕದಿಂದ ಧ್ರುವಕ್ಕೆ ಒಯ್ದು ಅದೇ ಯಂತ್ರದಲ್ಲಿ ತೂಗಿದರೆ ಮೂವತ್ತು ಕಿಲೋ ಹೆಚ್ಚು ಬರುತ್ತದೆ.

ಆನೆಯನ್ನು ದೋಣಿಗೆ ಹತ್ತಿಸಿ, ನೀರು ಬಂದ ಮಟ್ಟಕ್ಕೆ ಗೆರೆ ಎಳೆದು, ಆನೆಯನ್ನು ಇಳಿಸಿ, ಅದೇ ಗೆರೆಯವರೆಗೆ ಮುಳುಗುವಷ್ಟು ಕಲ್ಲು ತುಂಬಿ, ಆ ಕಲ್ಲುಗಳನ್ನು ತೂಗಿ ಆನೆಯ ತೂಕ ಹೇಳಿದ ಜಾಣನ ಕತೆಯನ್ನು ನೀವು ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ನಮ್ಮಲ್ಲಿ ಅದನ್ನು ಒಬ್ಬೊಬ್ಬರು ಒಬ್ಬೊಬ್ಬ ಮಂತ್ರಿಯ ಹೆಸರಿಗೆ ಹಚ್ಚುತ್ತಾರೆ, ಚೀನಾದಲ್ಲೂ ಆ ಕತೆ ಇದೆ. ಆ ಉಪಾಯ ಯಾವ ಗ್ರಹದಲ್ಲಾದರೂ ನಡೆಯುತ್ತದೆ. ನೀರಿದ್ದರೆ ಸಾಕು. ಅಲ್ಲಿ ಆನೆ, ಕಲ್ಲು, ನೀರು ಮೂರನ್ನೂ ಎಳೆಯುವುದು ಒಂದೇ ನೆಲ. ಕಬಿನಿಯ ದಡದ ಮಕ್ಕಳಿಗೆ ಈ ಕತೆ ಹೇಳಿದಾಗ ಒಬ್ಬ ಕೂಡಲೇ ಹೇಳಿದ, “ಹಾಗಾರೆ ಅದೂ ತರಾಜೇ ಸಾ.” ಹೌದು, ಅದೂ ತರಾಜೇ.

ಆಗ ನಾವು ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳೆಲ್ಲ ನಮ್ಮ ರಾಜ್ಯದವರ ಕೈಯಲ್ಲಿ ಇಂಜಿನಿಯರಿಂಗ್ ಆಗಿರುವುದನ್ನು ನಾನು ನಿವೃತ್ತನಾದ ಮೇಲೆ ಟೀವಿಯಲ್ಲಿ ಕಂಡೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಬೆಂಗಳೂರಿನ ಪೀಣ್ಯದ ಕೇಂದ್ರದಿಂದ ಅದನ್ನು ನೋಡಿಕೊಂಡರು. ಅದರ ಪ್ರಗ್ಯಾನ್ ಗಾಡಿ 26 ಕಿಲೋ ಇದ್ದರೂ ಚಂದ್ರನ ನೆಲದ ಮೇಲೆ ನಾಲ್ಕೂಕಾಲು ಕಿಲೋದಷ್ಟೇ ಒತ್ತುತ್ತಿತ್ತು. ಗಾಲಿ ಮಣ್ಣನ್ನು ಹಿಡಿಯಬೇಕಾದರೆ ಒತ್ತಡ ಬೇಕು, ತೀರ ಹಗುರವಾದರೆ ಜಾರುತ್ತದೆ. ಅದಕ್ಕಾಗಿ ಹಿಂದಿನ ಚಂದ್ರಯಾನ-2ರ ಕಾಲದಲ್ಲಿ ಬೆಂಗಳೂರಿನಲ್ಲಿ ಗಾಡಿಗೆ ಹೀಲಿಯಂ ಬಲೂನು ಕಟ್ಟಿ ಅದರ ಭಾರವನ್ನು ಚಂದ್ರನ ಮಟ್ಟಕ್ಕೆ ಇಳಿಸಿ ಓಡಿಸಿ ನೋಡಿದ್ದರು. ಸೆಪ್ಟೆಂಬರ್ 3ರಂದು ವಿಕ್ರಮ್ ಲ್ಯಾಂಡರ್ ಮತ್ತೆ ಎಂಜಿನ್ ಹೊತ್ತಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕಕ್ಕೆ ಇಳಿಯಿತು. ಒಂದು ಮೊಳಕ್ಕೂ ಕಡಿಮೆಯ ನೆಗೆತ. ಚಂದ್ರನಿಂದ ವಾಪಸು ಹೊರಡಬೇಕಾದವರಿಗೆ ಅದು ಮೊದಲ ಹೆಜ್ಜೆ. ಅಲ್ಲಿಂದ ಏಳಲು ಭೂಮಿಯಿಂದ ಏಳುವಷ್ಟು ದೊಡ್ಡ ರಾಕೆಟ್ ಬೇಕಿಲ್ಲದಿರುವುದೂ ಇದೇ ಗುರುತ್ವದ ಕೃಪೆ.

ಗುರುತ್ವ ಇಲ್ಲದಿರುವುದಕ್ಕೂ, ಇದ್ದೂ ಗೊತ್ತಾಗದಿರುವುದಕ್ಕೂ ವ್ಯತ್ಯಾಸವಿದೆ. 2025ರ ಜೂನ್–ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುತ್ತಿದ್ದಾಗ ಅಲ್ಲಿ ಗುರುತ್ವವೇ ಇಲ್ಲ ಎಂದು ಹಲವರು ಬರೆದರು. ನಿಲ್ದಾಣವಿರುವ 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಎಳೆತ ಇಲ್ಲಿಯದರ ನೂರಕ್ಕೆ 89ರಷ್ಟು ಇದ್ದೇ ಇದೆ. ನಿಲ್ದಾಣ, ಅದರೊಳಗಿನ ಮನುಷ್ಯ, ಅವನ ನೀರಿನ ಚೀಲ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಒಂದು ಇನ್ನೊಂದರ ಮೇಲೆ ಒತ್ತುವುದಿಲ್ಲ. ದಸರಾ ವಸ್ತುಪ್ರದರ್ಶನದ ಜೈಂಟ್ ವೀಲಿನಲ್ಲಿ ತೊಟ್ಟಿಲು ಕೆಳಗಿಳಿಯುವಾಗ ಹೊಟ್ಟೆ ಮೇಲಕ್ಕೆ ಬಂದಂತಾಗುವುದನ್ನು ನೆನೆಸಿಕೊಳ್ಳಿ. ಅದು ನಿಲ್ಲದೆ ನಡೆದರೆ ಹೇಗೋ ಹಾಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು ಆ ಯಾನದಲ್ಲಿ ಹೆಸರುಕಾಳು, ಮೆಂತ್ಯವನ್ನು ಕಳಿಸಿ ಅಲ್ಲಿ ಅವು ಹೇಗೆ ಮೊಳಕೆಯೊಡೆಯುತ್ತವೆಂದು ನೋಡಿದರು. ನಮ್ಮ ಅಡುಗೆಮನೆಯ ಕಾಳುಗಳೂ ಈಗ ಈ ಪಾಠ ಓದುತ್ತಿವೆ.

ಮನುಷ್ಯನಿಗೆ ಈ ಹಗುರತನ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ತೇಲುವವರ ಸೊಂಟ, ತೊಡೆಯ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟೋ ಅದಕ್ಕಿಂತ ಹೆಚ್ಚೋ ಸವೆಯುತ್ತದೆ. ದಿನವೂ ಎರಡು ಗಂಟೆ ವ್ಯಾಯಾಮ ಮಾಡುವುದು ಅದಕ್ಕೇ. ನಮ್ಮ ಮೂಳೆಗಳು ಒಂದು ನಿರ್ದಿಷ್ಟ ನೆಲದ ಎಳೆತಕ್ಕೆ ಲೆಕ್ಕ ಹಾಕಿ ಬೆಳೆದವು. ಆ ನೆಲ ತಪ್ಪಿದರೆ ಸರಕು ಒಂದಿಷ್ಟು ದಿನ ಹಾಗೆಯೇ ಇದ್ದು, ನಂತರ ತಾನೂ ಕರಗತೊಡಗುತ್ತದೆ.

ಕಾಕನಕೋಟೆಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಈ ಮಾತು ಕಾಡುತ್ತದೆ. ಕಾಕನೆಂಬ ಕಾಡುಕುರುಬರ ಮುಖಂಡನನ್ನು ನಡುವೆ ನಿಲ್ಲಿಸಿ ಮಾಸ್ತಿಯವರು ನಾಟಕ ಬರೆದರು, 1977ರಲ್ಲಿ ಸಿ. ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಆ ಹೊತ್ತಿಗೆ ಕೊನೆಯ ಖೆಡ್ಡಾ ನಡೆದು ಆರು ವರ್ಷ ಕಳೆದಿತ್ತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಖೆಡ್ಡಾ ನಡೆಯುತ್ತಿದ್ದ ಹೊಳೆಯ ಬಯಲು ಹಿನ್ನೀರಿನೊಳಗೆ ಸೇರಿತ್ತು. ಕೆಲವರನ್ನು ನೀರು ಎಬ್ಬಿಸಿತು, ಕೆಲವರನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂಬ ಹೆಸರುಗಳು ಎಬ್ಬಿಸಿದವು. 2025ರ ಜನವರಿಯಲ್ಲಿ ತೀರಿಕೊಂಡ ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ, ನಾಗರಹೊಳೆಯಿಂದ ಎಬ್ಬಿಸಲ್ಪಟ್ಟ 3,418 ಆದಿವಾಸಿ ಕುಟುಂಬಗಳ ಲೆಕ್ಕವಿದೆ. ಕಾಡಿನಲ್ಲಿದ್ದಾಗ ಯಾವ ಗೆಡ್ಡೆ ಯಾವಾಗ ಬರುತ್ತದೆ, ಯಾವ ಮರದಲ್ಲಿ ಜೇನು ಕಟ್ಟುತ್ತದೆ, ಆನೆ ಯಾವ ಗಳಿಗೆಯಲ್ಲಿ ಯಾವ ದಾರಿ ಹಿಡಿಯುತ್ತದೆ ಎಂದು ಬಲ್ಲವನ ಮಾತಿಗೆ ತೂಕವಿತ್ತು. ಅದೇ ಮನುಷ್ಯ ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲೋ ಶುಂಠಿ ಹೊಲದಲ್ಲೋ ನಿಂತಾಗ ದಿನಗೂಲಿಯ ಪಟ್ಟಿಯಲ್ಲಿ ಒಂದು ಹೆಸರು. ಅವನು ಕಲಿತದ್ದು ಒಂದಿಷ್ಟೂ ಕಡಿಮೆಯಾಗಿಲ್ಲ. ಅದನ್ನು ಓದುವ ನೆಲ ಬೇರೆಯಾಗಿದೆ.

ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಗ್ರಹ ಬದಲಾದಾಗ ಬದಲಾಗುವುದು ತೂಕ ಮಾತ್ರ. ಹಸಿವಿನಿಂದ ಕಡಿಮೆಯಾಗುವುದು ಸರಕೇ. ಈ ವ್ಯತ್ಯಾಸವನ್ನು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟವಳು ನನ್ನ ಹೆಂಡತಿ. ಅವಳು ಕಾಡಂಚಿನ ಒಂದು ಅಂಗನವಾಡಿಯಲ್ಲಿ ಬಹಳ ವರ್ಷ ಕಾರ್ಯಕರ್ತೆಯಾಗಿದ್ದವಳು. ತಿಂಗಳಿಗೊಮ್ಮೆ ಸೂರಿನ ತೊಲೆಗೆ ಸ್ಪ್ರಿಂಗ್ ತ್ರಾಸು ನೇತು ಹಾಕಿ, ಮಕ್ಕಳನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ, ಮುಳ್ಳು ತೋರಿಸಿದ ಅಂಕಿಯನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಮಾಡುತ್ತಿದ್ದಳು. ನಕ್ಷೆಯಲ್ಲಿ ಹಸಿರು ಪಟ್ಟಿ, ಅದರ ಕೆಳಗೆ ಹಳದಿ, ಅದರ ಕೆಳಗೆ ಕಿತ್ತಳೆ. ಎರಡು ವರ್ಷದ ಹೆಣ್ಣುಮಗು ಹನ್ನೊಂದೂವರೆ ಕಿಲೋದ ಆಸುಪಾಸು ಇರಬೇಕು. ಒಂಬತ್ತಕ್ಕಿಂತ ಕೆಳಗಿಳಿದರೆ ಚಿಂತೆ, ಎಂಟರ ಆಸುಪಾಸಿಗೆ ಬಂದರೆ ತೀವ್ರ ಕೊರತೆ.

ಒಮ್ಮೆ ಹಾಡಿಯ ಒಬ್ಬ ತಾಯಿ ಎರಡು ವರ್ಷದ ಮಗಳನ್ನು ಕರೆತಂದಳು. ಶುಂಠಿ ಕೆಲಸಕ್ಕೆ ಮೂರು ತಿಂಗಳು ಬೇರೆ ಊರಿಗೆ ಹೋಗಿ ಬಂದ ಸಂಸಾರ. ಮುಳ್ಳು ಏಳೂಮುಕ್ಕಾಲಿಗೆ ನಿಂತಿತು. ತಾಯಿ ಅದನ್ನು ನೋಡಿ, “ಟೀಚರಮ್ಮ, ನಿಮ್ಮ ತಕ್ಕಡಿ ಸರಿಗದಾ?” ಎಂದಳಂತೆ. ಹೆಂಡತಿ ಎರಡು ಕಿಲೋ ಸಕ್ಕರೆ ಪೊಟ್ಟಣವನ್ನು ಅದೇ ಕೊಕ್ಕೆಗೆ ಹಾಕಿ ತೋರಿಸಿದಳು. ಮುಳ್ಳು ಸರಿಯಾಗಿ ಎರಡಕ್ಕೆ ಬಂತು. ಆಮೇಲೆ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿದಳು. ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ, ಕೆಂಪು.

ಆ ಸಂಜೆ ಇದನ್ನೆಲ್ಲ ಹೇಳಿದಾಗ ನನಗೆ ತರಗತಿಯ ಲೆಕ್ಕ ನೆನಪಾಯಿತು. ಆ ಮಗುವನ್ನು ಗುರುಗ್ರಹದಲ್ಲಿ ತೂಗಿದ್ದರೆ ಮುಳ್ಳು ಹತ್ತೊಂಬತ್ತು ಕಿಲೋ ದಾಟುತ್ತಿತ್ತು, ನಕ್ಷೆಯ ಹಸಿರನ್ನೂ ದಾಟಿ ಮೇಲೆ ಹೋಗುತ್ತಿತ್ತು. ಆದರೆ ತೋಳಿನ ಪಟ್ಟಿ ಅಲ್ಲಿಯೂ ಕೆಂಪನ್ನೇ ತೋರಿಸುತ್ತಿತ್ತು. ಅದಕ್ಕೆ ಯಾವ ಗ್ರಹವಾದರೂ ಒಂದೇ. ಮೈಸೂರಿನ ಯಾವ ಬಂಗಲೆಯ ಮಗುವನ್ನಾದರೂ ತಂದು ಆ ಜೋಲಿಯಲ್ಲಿ ಕೂರಿಸಿ, ಭೂಮಿ ಅದರ ಒಂದೊಂದು ಗ್ರಾಮನ್ನೂ ಎಳೆಯುವುದು ಹಾಡಿಯ ಮಗುವಿನ ಒಂದೊಂದು ಗ್ರಾಮನ್ನು ಎಳೆಯುವಷ್ಟೇ ಬಲದಿಂದ. ಅದಕ್ಕೆ ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ, ಯಾರ ಹೆಸರಿಗೆ ಪಟ್ಟಾ ಇದೆ ಎಂಬುದೂ ಗೊತ್ತಿಲ್ಲ. ಹಾಗಾಗಿ ಒಂದು ಮಗು ಇನ್ನೊಂದಕ್ಕಿಂತ ನಾಲ್ಕು ಕಿಲೋ ಕಡಿಮೆ ತೂಗಿದರೆ ಆ ನಾಲ್ಕು ಕಿಲೋ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ನೆಲಕ್ಕೆ ಕೇಳಿ ಪ್ರಯೋಜನವಿಲ್ಲ.

ಆ ಮಗುವನ್ನು ತಾಲೂಕು ಆಸ್ಪತ್ರೆಗೆ ಸೇರಿಸಿದರು, ತಾಯಿಯೂ ಜೊತೆಗಿದ್ದಳು. ಆಮೇಲೆ ಅಂಗನವಾಡಿಯ ಮೊಟ್ಟೆ, ಹಾಲು, ಕಾಳು. ಆ ವರ್ಷ ಆ ಸಂಸಾರ ಮತ್ತೆ ಶುಂಠಿಗೆ ಹೋಗದಂತೆ ಹಾಡಿಯ ಹತ್ತಿರದಲ್ಲೇ ಒಂದಿಷ್ಟು ದಿನದ ಕೂಲಿ ಸಿಕ್ಕಿತು. ಆರು ತಿಂಗಳ ನಂತರ ಅದೇ ತೊಲೆ, ಅದೇ ಕೊಕ್ಕೆ, ಅದೇ ಜೋಲಿ. ಮುಳ್ಳು ಒಂಬತ್ತನ್ನು ದಾಟಿ ಒಂದು ಗೆರೆ ಕೆಳಗಿಳಿಯಿತು. ಇನ್ನೂ ಹಸಿರು ಮುಟ್ಟಿರಲಿಲ್ಲ. ತಾಯಿ ಈ ಸಲ ತಕ್ಕಡಿಯ ಬಗ್ಗೆ ಕೇಳಲಿಲ್ಲ, ಮುಂದಿನ ತಿಂಗಳು ಎಷ್ಟನೇ ತಾರೀಕು ಬರಬೇಕು ಎಂದು ಕೇಳಿದಳು.